ಮೊದಲ ಸಾಲು

ಗಂಡನ ಮನೆ ಬಿಟ್ಟು ಬಂದ ಹನ್ನೊಂದು ವರ್ಷದಿಂದ ಅಪ್ಪನ ಎರಡು ಎಕರೆ ಉಳುತ್ತಿದ್ದವಳು ದೇವೀರಿ. ತಮ್ಮನಿಗೆ ನೇಗಿಲು ಹೂಡಲೂ ಸರಿಯಾಗಿ ಬಾರದು. ಆದರೂ ಯುಗಾದಿಯ ಬೆಳಿಗ್ಗೆ ವರ್ಷದ ಮೊದಲ ಸಾಲು ಹೊಡೆಯುವ ಹೊನ್ನೇರನ್ನು ಅವನೇ ಕಟ್ಟುತ್ತಿದ್ದ. ಅದು ಮನೆಯ ಗಂಡಸಿಗೆ ಸಲ್ಲುವ ಮರ್ಯಾದೆ. ಅವಳದೇನಿದ್ದರೂ ಗೋಡೆಗೆ ಸುಣ್ಣ ಬಳಿಯುವುದು, ತಿಪ್ಪೆಯ ಗೊಬ್ಬರ ಹೊರುವುದು, ಎತ್ತು ತೊಳೆದು ಕೊಂಬಿಗೆ ಎಣ್ಣೆ ಹಚ್ಚುವುದು.

ಈ ಸಲ ಅಪ್ಪ ಎತ್ತುಗಳ ಹಗ್ಗವನ್ನು ಅವಳ ಕೈಗೇ ಕೊಟ್ಟ.

"ಈ ವರ್ಷ ಹೊನ್ನೇರು ನೀನೇ ಕಟ್ಟವ್ವ."

"ನಾನಾ? ಊರೋರು ಏನಂದಾರು ಅಪ್ಪಾ?"

"ಅಂದ್ಕೊಳ್ಲಿ ಬಿಡು. ದುಡಿಯೋಳು ನೀನಲ್ವಾ?"

ಹನ್ನೊಂದು ವರ್ಷ ಈ ಒಂದು ಮಾತಿಗೆ ಕಾದಿದ್ದೆನೆಂದು ಅವಳಿಗೆ ಆಗಲೇ ಗೊತ್ತಾಗಿದ್ದು. ಅವ್ವ ಹಣೆಗೆ ಕುಂಕುಮವಿಟ್ಟಳು, ಯಾಕೋ ಮುಖ ನೋಡಲಿಲ್ಲ. ತಮ್ಮನಂತೂ ಮನೆಯಿಂದ ಹೊರಗೇ ಬರಲಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡು ದೇವೀರಿ ಒಳಗೊಳಗೇ ನಕ್ಕಳು.

ಸಾಲು ದಾರ ಹಿಡಿದಂತೆ ನೆಟ್ಟಗೆ ಬಿತ್ತು. ಹೊಲದ ಕೊನೆಯಲ್ಲಿ ಎತ್ತು ತಿರುಗಿಸುವಾಗ, ಬದುವಿನ ಮೇಲೆ ಪಕ್ಕದ ಹೊಲದ ಮುದುಕ ಅಪ್ಪನನ್ನು ಬೈಯುತ್ತಿದ್ದುದು ಕೇಳಿಸಿತು.

"ಗಂಡು ಮಗನ್ನ ಮನೇಲಿ ಕೂರಿಸಿ ಹೆಣ್ಣಿನ ಕೈಗೆ ಹೊನ್ನೇರು ಕೊಟ್ಟಿದ್ದೀಯಲ್ಲ, ತಲೆ ಸರಿಯಾಗೈತಾ ನಿಂಗೆ?"

"ಮೆತ್ತಗೆ ಮಾತಾಡಣ್ಣ," ಎಂದ ಅಪ್ಪ. "ಈ ವರ್ಷ ನಮ್ಮನೇಲಿ ಮೊದಲ್ನೇ ಸಾಲು ಹೊಡೆದೋರ ಜೀವಕ್ಕೆ ಗಂಡಾಂತರ ಐತೆ ಅಂತ ಪಂಚಾಂಗ ನೋಡಿದ ಐನೋರು ಹೇಳವ್ರೆ. ನಂಗಿರೋನು ಒಬ್ನೇ ಮಗ."