ಭೂಮಿ ಬಿಟ್ಟ ಲೆಕ್ಕ

“ಉಪಗ್ರಹದ ವೇಗ ಸೆಕೆಂಡಿಗೆ ಮೂವತ್ತೊಂದು ಪಾಯಿಂಟ್ ಆರು ಕಿಲೋಮೀಟರ್. ಏಳು ಪಾಯಿಂಟ್ ಏಳು ಅಂತ ಬರೆದವರಿಗೆಲ್ಲ ಸೊನ್ನೆ ಹಾಕಿ ಮೇಡಂ,” ಎಂದರು ಪ್ರಿನ್ಸಿಪಾಲರು. ಮಾದರಿ ಉತ್ತರ ಬರೆದವರು ಅವರೇ.

ಫಿಸಿಕ್ಸ್ ಮೇಡಂ ಕೆಂಪು ಪೆನ್ನನ್ನು ಮೇಜಿಗೆ ಕುಕ್ಕಿದರು. “ಸರ್, ಪ್ರಶ್ನೆಯಲ್ಲಿರೋ ನಾನೂರು ಕಿಲೋಮೀಟರ್ ಅನ್ನೋದು ನೆಲದಿಂದ ಎತ್ತರ. ದೂರ ಅಳೀಬೇಕಾದ್ದು ಭೂಮಿಯ ಕೇಂದ್ರದಿಂದ. ನೀವು ಬರೀ ಎತ್ತರ ಹಾಕಿ ಇಡೀ ಭೂಮಿನೇ ನುಂಗಿ ನೀರು ಕುಡಿದಿದ್ದೀರಿ! ಮಕ್ಕಳು ಸರಿಯಾಗೇ ಮಾಡಿದ್ದಾರೆ.”

“ಮಾದರಿ ಉತ್ತರ ಅಚ್ಚಾಗಿ ಎಲ್ಲರ ಕೈ ಸೇರಿದೆ. ಈಗ ತಪ್ಪು ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಹೇಳಿದಷ್ಟು ಮಾಡಿ.”

ಮೇಡಂ ಕೊರಳಲ್ಲಿದ್ದ ಐಡಿ ಕಾರ್ಡನ್ನು ತೆಗೆದು, ಅದರ ಪಟ್ಟಿ ಹಿಡಿದು ತಲೆಯ ಮೇಲೆ ಗಿರಗಿರನೆ ತಿರುಗಿಸತೊಡಗಿದರು. ಪ್ರಿನ್ಸಿಪಾಲರು ಕುರ್ಚಿಯಲ್ಲೇ ಮುದುಡಿದರು. “ಏನ್ರೀ ಇದು ಹುಚ್ಚಾಟ?”

“ಮಕ್ಕಳ ಉತ್ತರದ ವೇಗದಲ್ಲಿ ಹೋದ್ರೆ ಉಪಗ್ರಹ ಹೀಗೆ ಸುತ್ತುತ್ತಲೇ ಇರುತ್ತೆ ಸರ್, ಇಷ್ಟು ವರ್ಷ ನಾನು ನಿಮ್ಮ ಸುತ್ತ ಸುತ್ತಿದ ಹಾಗೆ. ನಿಮ್ಮ ಮೂವತ್ತೊಂದರಲ್ಲಿ ಹೋದ್ರೆ ಭೂಮಿಯ ಹಿಡಿತ ಏನಾಗುತ್ತೆ ನೋಡಿ.”

ಮೇಡಂ ಕೈ ಬಿಟ್ಟರು. ಕಾರ್ಡು ತೆರೆದ ಬಾಗಿಲಿನಿಂದ ನೆಟ್ಟಗೆ ಹೊರಗೆ ಹಾರಿ ಬಿತ್ತು. ಅದರ ಹಿಂದೆಯೇ ಮೇಡಂ ಹೊರಟರು. ಅದನ್ನು ಎತ್ತಿಕೊಳ್ಳಲಿಲ್ಲ, ದಾಟಿ ಹೋದರು.