ಕಿಟಕಿಗೆ ಹಾಕಿದ ಹಾರ

ಒಂದು ಕಿಟಕಿ... ಅದಕ್ಕೆ ಕಬ್ಬಿಣದ ಸರಳು.

ಸರಳಿಗೆ ಹಣೆಯಾನಿಸಿ ಕುಳಿತ ಹೆಣ್ಣುಮಗಳು. ನಮಗೆ ಕಾಣುವುದು ಬೆನ್ನು ಮಾತ್ರ. ಸಡಿಲವಾದ ತುರುಬು, ಭುಜದಿಂದ ಜಾರಿದ ಸೆರಗು, ನೆಲದ ಮೇಲೆ ಮಲಗಿದ ಬಿಸಿಲಿನ ಪಟ್ಟೆಗಳು.

ಮುಖವಿಲ್ಲ. ಬೆಳಕು ಕೂಡ ಅಲ್ಲಿ ಉಸಿರು ಬಿಗಿಹಿಡಿದು ನಿಂತಂತಿದೆ...

ಕಲಾವಿದ ಮಹಾಂತೇಶ ಹೂಗಾರರಿಗೆ ಹೆಸರು ತಂದ ಚಿತ್ರವಿದು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಗದಗಿನ ತವರಿಗೆ ಮರಳಿದ ಅಕ್ಕ ಕಾಶವ್ವನನ್ನು ಕಿಟಕಿಯ ಬಳಿ ಕೂರಿಸಿ ಬರೆದದ್ದು.

ಪ್ರಶಸ್ತಿ, ದೆಹಲಿಯ ಪ್ರದರ್ಶನ, ಪ್ಯಾರಿಸ್ಸಿನ ಆಹ್ವಾನ... ಎಲ್ಲವೂ ಆ ಕಿಟಕಿಯಿಂದಲೇ ಬಂದವು.

ಆಮೇಲೆ ಜನ ಅವರಿಂದ ಬೇರೇನನ್ನೂ ಕೇಳಲಿಲ್ಲ. ಒಮ್ಮೆ ಕೆರೆ ಬರೆದರು, ಒಮ್ಮೆ ಸಂತೆ ಬರೆದರು. ನೋಡಿದವರು, "ಚೆನ್ನಾಗಿದೆ ಸರ್... ಕಿಟಕಿ ಎಲ್ಲಿ?" ಎಂದರು.

ಮತ್ತೆ ಕಿಟಕಿ. ಮತ್ತೆ ಅದೇ ಬೆನ್ನು. ಈಗೀಗ ಬ್ರಷ್ ಹಿಡಿದರೆ ಸಾಕು, ಕೈ ತಾನಾಗಿಯೇ ಸರಳುಗಳನ್ನು ಎಳೆಯುತ್ತಿತ್ತು...

ಅಂದು ಬೆಂಗಳೂರಿನ ಗ್ಯಾಲರಿಯೊಂದರಲ್ಲಿ ಅವರ ಜೀವಮಾನದ ಚಿತ್ರಗಳ ಪ್ರದರ್ಶನ. ಉದ್ಘಾಟನೆಗೆ ಮುನ್ನ ಗ್ಯಾಲರಿಯ ಒಡತಿ ಮೃಣಾಲಿನಿ ಹತ್ತಿರ ಬಂದರು.

"ಸರ್, ದೀಪ ಹಚ್ಚಿದ ಮೇಲೆ ಒಂದು ಅನೌನ್ಸ್ ಮಾಡಿಬಿಡಿ. ಮುಂದಿನ ವರ್ಷ ಸಿಂಗಾಪುರಕ್ಕೆ ಹೊಸ ಕಿಟಕಿ ಸೀರೀಸ್ ಅಂತ. ಆಗುತ್ತೆ ಅಲ್ವಾ?"

ಮಹಾಂತೇಶ ಆಗದು ಎನ್ನಲು ಬಾಯಿ ತೆರೆದರು... "ನೋಡೋಣ" ಎಂಬ ಮಾತು ಹೊರಬಂತು.

ಆಗಲೇ ಗಾಜಿನ ಬಾಗಿಲು ತಳ್ಳಿಕೊಂಡು ಕಾಶವ್ವ ಒಳಬಂದರು. ತಮ್ಮನ ಪ್ರದರ್ಶನಕ್ಕೆ ಆಕೆ ಬಂದದ್ದು ಅದೇ ಮೊದಲು.

ಬಾಗಿಲ ಬಳಿಯೇ ಇದ್ದ ಆ ಮೊದಲ ಕಿಟಕಿಯ ಚಿತ್ರದ ಮುಂದೆ ನಿಂತುಬಿಟ್ಟರು. ಗೌರವವೆಂದು ಗ್ಯಾಲರಿಯವರು ಅದಕ್ಕೆ ಸುಗಂಧರಾಜದ ದಪ್ಪ ಹಾರ ಹಾಕಿದ್ದರು. ಕೆಳಗೊಂದು ದೀಪ ಬೇರೆ...

"ಅಯ್ಯ ಶಿವನ! ನಾ ಇನ್ನೂ ಅದೀನೋ ಮಾಂತ್ಯಾ! ನನ್ನ ಯಾವಾಗ ಮಣ್ಣ ಮಾಡಿದ್ರೋ?" ಎಂದು ಜೋರಾಗಿ ನಕ್ಕರು.

ಮೃಣಾಲಿನಿ ತಬ್ಬಿಬ್ಬಾದರು. "ಸಾರಿ ಅಮ್ಮ... ಸರ್ ಯಾವಾಗಲೂ 'ಪಾಪ, ನಮ್ಮಕ್ಕ' ಅಂತಲೇ ಹೇಳ್ತಿದ್ರು. ನಾವು ತೀರಿಹೋಗಿದ್ದಾರೆ ಅಂದ್ಕೊಂಡ್ವಿ."

ಕಾಶವ್ವ ಹಾರವನ್ನು ತೆಗೆದು ಕೈಗೆ ಸುತ್ತಿಕೊಂಡರು. "ಕಟ್ಟಿದ್ದೂ ಸಡ್ಲ ಐತಿ" ಎಂದು ಗೊಣಗಿದರು.

ಆಮೇಲೆ ಗೋಡೆಗುಂಟ ನಡೆದರು. ಅದೇ ಕಿಟಕಿ, ಅದೇ ಬೆನ್ನು... ಮತ್ತೆ, ಮತ್ತೆ. ಮುಖದ ನಗು ಮೆಲ್ಲಗೆ ಆರಿತು.

"ಎಲ್ಲಾ ಕಡೆ ನಾನಾ?"

"ಹೂಂ ಅಕ್ಕಾ... ನಿನ್ನ ದುಃಖ ನನ್ನ ಬಿಡಲೇ ಇಲ್ಲ."

"ಏ ಹುಚ್ಚಾ, ನೀ ಚಿತ್ರಾ ಮುಗಿಸಿದಿ, ನಾ ಎದ್ದ್ ಹೋದೆ. ಮಾರ್ಕೆಟ್ಟಿನ್ಯಾಗ ಹೂವಿನ ಅಂಗಡಿ ಹಾಕಿದೆ. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು... ಆದರೆ ಎಂದೂ ಬರೆದಿರಲಿಲ್ಲ.

ಕಾಶವ್ವ ತಮ್ಮನ ಕೆನ್ನೆ ಮುಟ್ಟಿದರು.

"ನಾ ಕಿಡಕ್ಯಾಗ ಕುಂತಿದ್ದೆ, ತಮ್ಮಾ. ನನಗ ಇಡೀ ಓಣಿ ಕಾಣತಿತ್ತು. ಒಳಗ ನಿಂತಾಂವ ನೀನು... ನಿನಗ ಕಂಡಿದ್ದು ಬರೇ ನನ್ನ ಬೆನ್ನು."

ಮಹಾಂತೇಶರ ಕಣ್ಣು ತುಂಬಿಬಂತು. "ಹಂಗಾರ ಇನ್ನೊಮ್ಮೆ ಕೂಡು ಅಕ್ಕಾ. ಈ ಸಲ ಮುಖ ಬರೀತೀನಿ."

"ಕೂಡೂದಿಲ್ಲಪಾ. ನಾಳೆ ಲಗ್ನದ ಹಾರದ ಆರ್ಡರ್ ಅದಾವ, ಬಸ್ಸಿಗೆ ಹೋಗಬೇಕು. ಬೇಕಂದ್ರ ನನ್ನ ಜೋಡಿ ಬಾ... ನಡಕೋತ ಬರಿ!"

ಹಾಗೆಂದವರೇ ಹೊರಟುಹೋದರು.

"ಸರ್, ಚೀಫ್ ಗೆಸ್ಟ್ ಬಂದ್ರು..." ಮೃಣಾಲಿನಿ ಮೈಕ್ ಚಾಚಿದರು.

ಮಹಾಂತೇಶ ಅದನ್ನು ಮುಟ್ಟಲಿಲ್ಲ. "ಕಿಟಕಿ ಮುಗೀತಮ್ಮ" ಎಂದರು. ಜೇಬಿನಲ್ಲಿದ್ದ ಪೆನ್ಸಿಲನ್ನು ಒಮ್ಮೆ ತಡವಿ ನೋಡಿಕೊಂಡು, ಅಕ್ಕ ಹೋದ ದಿಕ್ಕಿಗೆ ನಡೆದರು.

ಅವರ ಬೆನ್ನ ಹಿಂದೆ ಗಾಜಿನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು...

ಕನಿಕರದಿಂದ ನಾವು ಯಾರನ್ನೋ ಕೂರಿಸಿದ ಸೆರೆಮನೆಯಲ್ಲಿ, ಬಹಳ ಸಲ ಒಳಗೆ ಉಳಿಯುವವರು ನಾವೇ.

ನೀವು ಇಂದಿಗೂ ಯಾರ ಬೆನ್ನು ನೋಡುತ್ತಾ ನಿಂತಿದ್ದೀರಿ...?