ಹತ್ತರಲ್ಲಿ ಒಂದು

"ನೋಡಿ ಸಿಸ್ಟರ್, ನಾಲ್ಕೇ ಸೆಕೆಂಡ್!" ಎಂದು ಆ ಎಂಜಿನಿಯರಿಂಗ್ ವಿದ್ಯಾರ್ಥಿನಿಯ ಪ್ರಾಜೆಕ್ಟ್ ಜೊತೆಗಾರ ಹೆಡ್ ನರ್ಸ್ ಕಡೆ ತಿರುಗಿ ಕೂಗಿದ. ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗಿದ್ದ ಡ್ರಿಪ್ ಕೊಳವೆ ತೆರೆದುಕೊಂಡು, ರೋಗಿಯ ರಕ್ತನಾಳದ ಬದಲಿಗೆ ಇಟ್ಟಿದ್ದ ಗಾಜಿನ ಲೋಟಕ್ಕೆ ನೀರು ಸರಾಗವಾಗಿ ಬೀಳುತ್ತಿತ್ತು.

ಕೊಳವೆಯ ಹೆಪ್ಪು ಬಿಡಿಸುವ ಆ ಪುಟ್ಟ ಯಂತ್ರ ವಿದ್ಯಾರ್ಥಿನಿಯದೇ ಕಲ್ಪನೆ. ಅದು ಹೆಪ್ಪನ್ನು ಮುಂದಕ್ಕೆ ತಳ್ಳಬಾರದು, ಹಿಂದಕ್ಕೆ ಹೀರಿ ತೆಗೆಯಬೇಕು. "ಆಟದ ಸಾಮಾನು ಹಿಡ್ಕೊಂಡು ನನ್ನ ವಾರ್ಡಿಗೆ ಬರ್ಬೇಡಿ" ಎಂದು ವರ್ಷವಿಡೀ ಅಟ್ಟಿದ್ದ ಹೆಡ್ ನರ್ಸ್ ಕೊನೆಗೂ ವಾರ್ಡಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ಆ ಕೊನೆಯ ಸಹಿ ಬಿದ್ದರೆ ಸೋಮವಾರದಿಂದ ರೋಗಿಗಳ ಮೇಲೆ ಪ್ರಯೋಗ. ಅವಳಿಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ, ಜೊತೆಗಾರ ಲೋಟದ ಸುತ್ತ ಅಂಗೈ ಬಳಸಿ ಮರೆಮಾಡಿರುವುದು ಕಂಡಿತು.

"ಕೈ ತೆಗಿಯೋ."

"ಬಾಯ್ಮುಚ್ಚೇ, ಸೈನ್ ಹಾಕ್ತಿದಾರೆ," ಎಂದು ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ.

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಕಿತ್ತಳು. ಲೋಟದ ತಳದಲ್ಲಿ ಸಾಸಿವೆಯಷ್ಟು ಕಪ್ಪುಗೆಂಪು ಹೆಪ್ಪಿನ ಚೂರು ಕೂತಿತ್ತು. ಹೆಡ್ ನರ್ಸ್ ಬಗ್ಗಿ ನೋಡಿದರು. "ಇದು ಒಳಗೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕೊಂಡ್ರೆ ಯಾರಪ್ಪಾ ಗತಿ?"

"ಹತ್ತು ಸಲದಲ್ಲಿ ಒಂದೇ ಸಲ ಸಿಸ್ಟರ್ ಹೀಗಾಗೋದು!" ಎಂದುಬಿಟ್ಟ ಅವನು, ಮರುಕ್ಷಣವೇ ತುಟಿ ಕಚ್ಚಿಕೊಂಡ.

ಪರೀಕ್ಷೆ ಮಾಡಿದ್ದೆಲ್ಲ ಅವನೇ. ಅವಳಿಗೆ ಕೊಟ್ಟ ಫಲಿತಾಂಶದ ಪಟ್ಟಿಯಲ್ಲಿ ಅಂಥ ಒಂದು ಸಲವೂ ಇರಲಿಲ್ಲ. ಅವಳು ಹೆಡ್ ನರ್ಸ್ ಮುಂದಿನ ಒಪ್ಪಿಗೆ ಪತ್ರವನ್ನು ಎಳೆದು ಅವನೆದುರು ಕುಕ್ಕಿದಳು.

"ವಾರ್ಡಲ್ಲಿ ಹತ್ತು ಬೆಡ್ ಇದೆ. ಒಳಗೆ ಹೋಗಿ ಎಲ್ರ ಮುಖ ನೋಡ್ಕೊಂಡು ಬಾ. ಆ ಒಂದು ಯಾರು ಅಂತ ನೀನೇ ಬರಿ."